ಸಿನಿಮಾಕ್ಕೆ ಎರಡನೇ ಪಂಕ್ತಿ ಇಲ್ಲ

ಮದುವೆ ಮನೆಗೆ ಹೋದರೆ ಮೊದಲ ಪಂಕ್ತಿಗೆ ಕೂರಬೇಡಿ. ಇದು ನಾನು ಕೇಳಿದವರಿಗೂ ಹೇಳುವ ಮಾತು, ಕೇಳದವರಿಗೂ ಹೇಳುವ ಮಾತು. ಮೊದಲ ಪಂಕ್ತಿಯಲ್ಲಿ ಬೀಗರಿರುತ್ತಾರೆ, ಪುರೋಹಿತರಿರುತ್ತಾರೆ, ಬಸ್ಸಿಗೆ ಹೊತ್ತಾಯಿತೆಂದು ಗಡಿಬಿಡಿ ಮಾಡುವವರಿರುತ್ತಾರೆ. ಎಷ್ಟು ಜನ ಉಣ್ಣುತ್ತಾರೆ ಎಂಬ ಅಂದಾಜು ಸಿಕ್ಕಿರದ ಕಾರಣ ಬಡಿಸುವವರ ಕೈಯೂ ಸ್ವಲ್ಪ ಬಿಗಿಯಾಗಿರುತ್ತದೆ. ಎರಡನೇ ಪಂಕ್ತಿಗೆ ಕೂತು ನೋಡಿ. ಅನ್ನ ಆಗಷ್ಟೇ ಬಸಿದಿದ್ದು, ಸಾರು ಕುದಿದು ಕುದಿದು ರುಚಿ ಏರಿದ್ದು, ಸಿಹಿ ಉಳಿದೀತು ಎಂಬ ಧೈರ್ಯದಲ್ಲಿ ಬಡಿಸುವ ಕೈ ಸಡಿಲಾಗಿದ್ದು. ಯಾರೂ ನಿಮ್ಮ ಬೆನ್ನ ಹಿಂದೆ ನಿಂತು ನೀವು ಏಳುವುದನ್ನು ಕಾಯುವುದಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಸಿದ್ದಾಪುರದ ಕಡೆಯ ಒಂದು ಉಪನಯನದ ಮನೆಯಲ್ಲಿ ಅಡುಗೆಯವರು ಕೈಕೊಟ್ಟಾಗ, ಎರವಲು ತಂದ ಹಂಡೆಯಲ್ಲಿ ನೂರು ಜನರಿಗೆ ಅನ್ನ ಬೇಯಿಸಿ ಶುರುಮಾಡಿದ ಕೆಲಸ ನನ್ನದು. ಈಗ ಶಿರಸಿಯಲ್ಲಿ ನನ್ನದೇ ಪಾತ್ರೆ, ನನ್ನದೇ ವ್ಯಾನು, ಹನ್ನೊಂದು ಹೆಂಗಸರ ತಂಡ. ಮೊದಮೊದಲು ಹೆಂಗಸರು ಪಂಕ್ತಿಯಲ್ಲಿ ಬಡಿಸುವುದೆಂದರೆ ದೊಡ್ಡವರು ಮುಖ ಸಿಂಡರಿಸುತ್ತಿದ್ದರು. ನಾನು ಅವರ ಜತೆ ವಾದಕ್ಕೆ ಹೋಗಲಿಲ್ಲ. ಅವರ ಎಲೆಗೆ ನಮ್ಮ ಅಕ್ಕನನ್ನು ಕಳಿಸಿದೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ತಂಡದಲ್ಲಿ ಎಲ್ಲರಿಗಿಂತ ಹಿರಿಯಳು, ವಾನಳ್ಳಿ ಕಡೆಯವಳು, ನಾನು ಶುರುಮಾಡಿದ ದಿನದಿಂದ ಜೊತೆಗಿರುವವಳು. ಅಡುಗೆ ಅವಳಿಗೆ ಸಾಧಾರಣ. ಬಡಿಸುವುದರಲ್ಲಿ ಅವಳ ಸಮ ಯಾರೂ ಇಲ್ಲ. ಅನ್ನ ಹಾಕಿದರೆ ಎಲೆಯಲ್ಲಿ ಅಗುಳು ಚೆಲ್ಲದು, ತಂಬುಳಿ ಹಾಕಿದರೆ ಪಲ್ಯಕ್ಕೆ ತಾಗದು. ತುಪ್ಪದ ವಿಷಯದಲ್ಲಂತೂ ಅವಳದೇ ಒಂದು ಪದ್ಧತಿ. ಮಿಳ್ಳೆ ಎಂಬ ಪುಟ್ಟ ಸೌಟಿನಲ್ಲಿ ತುಪ್ಪ ತೆಗೆದು ಅನ್ನದ ಮೇಲೆ ಒಮ್ಮೆ ಹಾಕುತ್ತಾಳೆ. ಉಣ್ಣುವವರು ಸಾಕು ಎಂದು ಕೈ ಅಡ್ಡ ಹಿಡಿಯುತ್ತಾರೆ. ಅವಳು ಮುಂದಿನ ಎಲೆಯತ್ತ ಅರ್ಧ ಹೆಜ್ಜೆ ಇಟ್ಟವಳು, ಮಣಿಕಟ್ಟನ್ನು ಹಿಂದಕ್ಕೆ ತಿರುಗಿಸಿ ಅದೇ ಎಲೆಗೆ ಇನ್ನೊಂದು ಮಿಳ್ಳೆ ಇಳಿಸಿರುತ್ತಾಳೆ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಮೊದ್ಲನೇದು ಹಾಕಿಸ್ಕಂಬಲೆ ಎಲ್ರೂ ರೆಡಿ ಇರ್ತ. ಎರಡ್ನೇದು ಬೇಕು ಹೇಳಿ ಕೇಳಲೆ ನಾಚ್ಕೆ. ಕೇಳುಸ್ಕಂಡು ಹಾಕದು ಎಂತಕ್ಕೆ?" ಎಂದಿದ್ದಳು.

ಒಂದು ದೀಪಾವಳಿ ಕಳೆದ ಮೇಲೆ ಯಲ್ಲಾಪುರದ ದಾರಿಯ ಹಳೆಯ ಮನೆಯೊಂದಕ್ಕೆ ಸಿನಿಮಾದವರು ಚಿತ್ರೀಕರಣಕ್ಕೆ ಬಂದರು. ಅವರ ಊಟದ ಹೊಣೆ ನನಗೆ ಸಿಕ್ಕಿತು. ಸಿನಿಮಾದವರೊಡನೆ ಕೆಲಸ ಮಾಡುವವರಿಗೆ ಒಂದು ಸಲಹೆ: ಊಟದ ಹೊತ್ತನ್ನು ಬಾಯಲ್ಲಿ ಹೇಳಿಸಿಕೊಳ್ಳಬೇಡಿ, ಕಾಗದದಲ್ಲಿ ಬರೆಸಿಕೊಳ್ಳಿ. ಅವರ ಮಧ್ಯಾಹ್ನ ಯಾವಾಗ ಬೇಕಾದರೂ ಆಗುತ್ತದೆ.

ಅವರ ಕಥೆಯಲ್ಲಿ ಒಂದು ಮದುವೆ ಊಟದ ದೃಶ್ಯವಿತ್ತು. ನಾಯಕ ಬೇರೆ ಹುಡುಗಿಯ ಕೈ ಹಿಡಿದಿದ್ದಾನೆ. ಅವನನ್ನು ಚಿಕ್ಕಂದಿನಿಂದ ಮನಸ್ಸಿನಲ್ಲಿಟ್ಟುಕೊಂಡ ನಾಯಕಿ ಅದೇ ಮದುವೆಯಲ್ಲಿ ಅವನ ಎಲೆಗೆ ಬಡಿಸಬೇಕು. ನಾಯಕಿಯ ಪಾತ್ರದ ಹುಡುಗಿ ಒಳ್ಳೆಯವಳು, ಆದರೆ ಅವಳ ಕೈಯಲ್ಲಿ ಮಿಳ್ಳೆ ನಿಲ್ಲಲಿಲ್ಲ. ಹಾಕಿದ ತುಪ್ಪವೆಲ್ಲ ನಾಯಕನ ಹೆಬ್ಬೆರಳ ಮೇಲೆ. ನಾಲ್ಕು ಸಲ ಹಾಗಾಯಿತು. ಆ ದಿನ ಮಧ್ಯಾಹ್ನ ನಮ್ಮ ಪಂಕ್ತಿಯಲ್ಲಿ ಉಣ್ಣುತ್ತಿದ್ದ ನಿರ್ದೇಶಕರು ಅಕ್ಕನ ಕೈಯನ್ನೇ ನೋಡುತ್ತ ಕೂತರು. ಊಟ ಮುಗಿದದ್ದೇ ನನ್ನ ಹತ್ತಿರ ಬಂದು, ಮುಖ ಹುಡುಗಿಯದೇ ಇರಲಿ, ಕೈ ಮಾತ್ರ ಇವರದ್ದು ಬೇಕಾಗಿತ್ತು ಎಂದರು.

ಅಕ್ಕನ ಬಲಗೈ ಮಣಿಕಟ್ಟಿನ ಮೇಲೆ ಕಾದ ಎಣ್ಣೆ ಸಿಡಿದ ಕಲೆಯಿದೆ, ಕಣ್ಣಿಗೆ ಹೊಡೆಯುವಂಥದ್ದು. ಬಣ್ಣದವರು ಅದನ್ನು ಮುಚ್ಚಬೇಕು ಎಂದರು. ನಾನು ಜಗ್ಗಾಡಿದೆ. ಬಡಿಸುವ ಕೈಗೆ ಒಂದು ಕಲೆಯಾದರೂ ಇರದಿದ್ದರೆ ನಂಬುವವರು ಯಾರು ಎಂದೆ. ಅವರು ನಕ್ಕರು, ಆಮೇಲೆ ಮುಚ್ಚಿದರು. ಮೇಲೆ ನಾಯಕಿಯ ಹಸಿರು ಬಳೆ ತೊಡಿಸಿದರು. ವ್ಯಾಪಾರದಲ್ಲಿ ಎಲ್ಲವೂ ನಮ್ಮ ಕಡೆಗೇ ಆಗುವುದಿಲ್ಲ. ಅಲ್ಲಿಗೇ ಮುಗಿಯಲೂ ಇಲ್ಲ. ಅಕ್ಕ ಅಭ್ಯಾಸಬಲದಿಂದ ಎರಡನೇ ಮಿಳ್ಳೆ ಹಾಕಿಬಿಟ್ಟಳು. ನಿರ್ದೇಶಕರು ಒಂದೇ ಸಲ ಸಾಕು ಎಂದರು. ಮತ್ತೆ ಮಾಡಿಸಿದರು, ಮತ್ತೆ ಮಾಡಿಸಿದರು. ಎಷ್ಟು ಸಲ ಎಂದು ನೋಡುತ್ತ ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ. ಒಲೆಯ ಮೇಲೆ ಸಂಜೆಯ ಅವಲಕ್ಕಿಗೆ ಒಗ್ಗರಣೆ ಕಾಯುತ್ತಿತ್ತು.

ಅಕ್ಕ ಮನೆಗೆ ಹೋಗಿ ವಿಷಯ ಹೇಳಿದಾಗ ಅವಳ ಗಂಡ ಎಲೆಯಡಿಕೆಯ ಕವಳ ಹಾಕುತ್ತಿದ್ದರಂತೆ. ಅವರನ್ನು ನಾನು ಭಾವ ಎನ್ನುತ್ತೇನೆ. ಕೆಟ್ಟವರಲ್ಲ. ತಲೆ ಬಗ್ಗಿಸಿ ಉಂಡು, ಎಲೆ ಮಡಚಿ ಏಳುವ ಜಾತಿ. ಇಷ್ಟು ವರ್ಷದಲ್ಲಿ ಚೆನ್ನಾಗಿದೆ ಎಂದೂ ಹೇಳಿದವರಲ್ಲ, ಚೆನ್ನಾಗಿಲ್ಲ ಎಂದೂ ಹೇಳಿದವರಲ್ಲ. ಅವರು ಕೇಳಿದ್ದು ಇಷ್ಟೇ: "ಮುಖ ಬತ್ತಿಲ್ಯ?"

"ಇಲ್ಲೆ, ಕೈ ಮಾತ್ರ."

"ಕೈ ಯಾರದ್ದಾದ್ರೂ ಆಗ್ತು."

ಈ ಮಾತನ್ನು ಅಕ್ಕ ನನಗೆ ನಗುತ್ತಲೇ ಹೇಳಿದಳು. ಹೇಳುವಾಗ ನಮ್ಮೆದುರು ಬದನೆಕಾಯಿ ರಾಶಿಯಿತ್ತು, ಇಬ್ಬರೂ ಹೋಳು ಮಾಡುತ್ತಿದ್ದೆವು. ಅವಳ ಈಳಿಗೆಯ ಲಯ ತಪ್ಪಿದ್ದು ನನಗೆ ಕೇಳಿಸಿತು.

"ತಂಗಿ, ಒಂದು ಮಾತು. ಸಿನೆಮಾ ಬಂದಾಗ ಇವ್ರನ್ನ ಟಾಕೀಸಿಗೆ ಕರ್ಕಂಡು ಹೋಪನ. ನೀನು ಮಾತ್ರ ಇದೇ ನೋಡಿ ಕೈ ಹೇಳಿ ಹೇಳಡ. ತಂಡದ ಕೂಸುಗಳಿಗೂ ಹೇಳಲೆ ಬಿಡಡ. ಅವ್ರೇ ಗುರುತು ಹಿಡೀಲಿ."

"ಕಲೆ ಮುಚ್ಚಿದ್ದ. ಬಳೆ ಬೇರೆ. ಹೆಂಗೆ ಹಿಡಿತ್ರೆ ಅಕ್ಕ?"

"ಇಷ್ಟು ವರ್ಷ ಇದೇ ಕೈಯಲ್ಲಿ ಉಂಡಿದ್ರಲೆ," ಎಂದಳು. "ನೋಡನ."

ಮೊಬೈಲಿಗೆ ಬಂದ ಮೇಲೆ ತೋರಿಸಿದರಾಯಿತಲ್ಲ, ಬೇಕಾದಲ್ಲಿ ನಿಲ್ಲಿಸಿ ಬೆರಳಿಟ್ಟು ತೋರಿಸಬಹುದು ಎಂದು ನಾನು ಸಲಹೆ ಕೊಟ್ಟೆ. ಅವಳು ತಲೆಯಾಡಿಸಿದಳು. ಬೆರಳಿಟ್ಟು ತೋರಿಸಿದರೆ ಯಾರಾದರೂ ಹೌದೆನ್ನುತ್ತಾರೆ, ಅದರಲ್ಲಿ ಏನಿದೆ ಎಂಬುದು ಅವಳ ಲೆಕ್ಕ. ಇನ್ನೊಂದು ಕಾರಣವನ್ನೂ ಅವಳು ಹೇಳಿದಳು. ಮದುವೆಯಾದ ಹೊಸತರಲ್ಲಿ ಇಬ್ಬರೂ ಶಿರಸಿಗೆ ಬಂದು ಒಂದು ಸಿನಿಮಾಕ್ಕೆ ಹೋಗಿದ್ದರು. ಮಧ್ಯಂತರದಲ್ಲಿ ಕರೆಂಟು ಹೋಯಿತು, ಬರಲಿಲ್ಲ. ಕಡೆಯ ಬಸ್ಸು ತಪ್ಪೀತೆಂದು ಎದ್ದು ಬಂದರು. ಅದೇ ಮೊದಲು, ಅದೇ ಕೊನೆ. ಗಂಡನ ಜತೆ ಅವಳು ನೋಡಿದ್ದು ಅರ್ಧ ಸಿನಿಮಾ.

ವರ್ಷ ಕಳೆದ ಮೇಲೆ ಒಂದು ಶುಕ್ರವಾರ ಅಕ್ಕನ ಫೋನು. "ತಂಗಿ, ಬಂತಡೆ ಸಿನೆಮಾ! ಶಿರಸಿಗೇ ಬೈಂದಡ. ಇವ್ರೂ ಹೂಂ ಹೇಳಿದ್ರು. ನಾಳೆನೇ ಹೋಪನ?"

ನಾನು ಏನು ಹೇಳಿದೆ ಎಂಬುದನ್ನು ನೀವು ಊಹಿಸಿರಬಹುದು. ಮೊದಲ ವಾರ ಎಂದರೆ ಮೊದಲ ಪಂಕ್ತಿ ಕಣೆ, ನೂಕುನುಗ್ಗಲು, ಶಿಳ್ಳೆ, ಸೀಟು ಸಿಕ್ಕರೂ ಕಂಬದ ಹಿಂದೆ. ಭಾವನಂಥವರನ್ನು ಆ ಗದ್ದಲದಲ್ಲಿ ಕೂರಿಸಿದರೆ ಅವರು ಗದ್ದಲವನ್ನೇ ನೋಡುತ್ತಾರೆ. ಮುಂದಿನ ಶನಿವಾರ ಹೋಗೋಣ, ಆರಾಮಾಗಿ ಕಾಲು ಚಾಚಿ ನೋಡಬಹುದು. ಅಕ್ಕ ಒಪ್ಪಿದಳು. ಇಪ್ಪತ್ತು ವರ್ಷ ನನ್ನ ಮಾತು ಕೇಳಿ ಅಭ್ಯಾಸವಾದವಳು.

ಈಗ ಒಂದು ನಿಜ ಹೇಳಬೇಕು. ಆ ವಾರ ನನಗೆ ಎರಡು ಮದುವೆಯ ಕೆಲಸವಿತ್ತು. ಶನಿವಾರ ಅಕ್ಕ ಸಿನಿಮಾಕ್ಕೆ ಹೋಗಿದ್ದರೆ ಬಡಿಸಲು ನನಗೆ ಕೈ ಕಡಿಮೆಯಾಗುತ್ತಿತ್ತು. ಎರಡನೇ ಪಂಕ್ತಿಯ ಮಾತನ್ನು ನಾನು ಸುಳ್ಳಾಗಿ ಹೇಳಲಿಲ್ಲ, ನಂಬಿಯೇ ಹೇಳಿದೆ. ಆದರೆ ಯಾರಾದರೂ ಸಲಹೆ ಕೊಟ್ಟರೆ, ಅದರಲ್ಲಿ ಅವರ ಅನುಕೂಲ ಎಷ್ಟು ಬೆರೆತಿದೆ ಎಂದು ನೋಡಿ ತೆಗೆದುಕೊಳ್ಳಿ. ನನ್ನ ಸಲಹೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಬುಧವಾರ ತಂಡದ ಒಬ್ಬ ಹುಡುಗಿ ಸೊಪ್ಪು ತರಲು ಪೇಟೆಗೆ ಹೋದವಳು ಓಡುತ್ತ ಬಂದಳು. ಚಿತ್ರಮಂದಿರದ ಗೋಡೆಯ ಮೇಲೆ ಬೇರೆ ಸಿನಿಮಾದ ಪೋಸ್ಟರು ಹಚ್ಚುತ್ತಿದ್ದಾರೆ ಎಂದಳು. ನಾನು ಮ್ಯಾನೇಜರಿಗೆ ಫೋನು ಹಚ್ಚಿದೆ. ಅವರು ಎಕ್ಕಂಬಿ ದಾಟಿ ಆಚೆ ಕಡೆಯವರು, ಹಾವೇರಿ ಸೀಮೆಯ ಮಾತು.

"ನಾಳಿ ಕಡೀ ಆಟ ನೋಡ್ರಿ ಅಕ್ಕಾರ. ಮುಂಜಾನಿ ಹನ್ನೊಂದಕ್ಕ. ಅದೂ ಮಂದಿ ಬಂದ್ರ."

"ಎರಡನೇ ವಾರ?"

"ಎರಡನೇ ವಾರ ಎಲ್ಲೈತ್ರೀ ಈಗ? ಶುಕ್ರವಾರ ಬಂತು, ಗುರುವಾರ ಹೋತು."

ನಾನು ಚಿಕ್ಕವಳಿದ್ದಾಗ ಒಂದು ಸಿನಿಮಾ ಬಂದರೆ ಅಡಿಕೆ ಕೊಯ್ಲು ಶುರುವಾಗಿ ಮುಗಿಯುವವರೆಗೂ ಇರುತ್ತಿತ್ತು. ಸಿದ್ದಾಪುರದಿಂದ ಚಿಕ್ಕಮ್ಮನ ಜೊತೆ ಬಸ್ಸಿನಲ್ಲಿ ಬಂದು ಹೆಂಗಸರ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಮುಂದೆ ನಿಂತವರ ಮಗುವನ್ನು ಎತ್ತಿಕೊಂಡರೆ ಅವರು ನಮಗೂ ಸೇರಿಸಿ ಟಿಕೆಟ್ ತೆಗೆದುಕೊಡುತ್ತಾರೆ ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ. ನನ್ನ ವ್ಯಾಪಾರದ ಮೊದಲ ಪಾಠ ಅದು. ಆ ಲೆಕ್ಕವೇ ತಲೆಯಲ್ಲಿ ಉಳಿದಿತ್ತು. ಪಂಕ್ತಿಯ ಮೇಲೆ ಪಂಕ್ತಿ ಏಳುವ ಕಾಲ ಚಿತ್ರಮಂದಿರಕ್ಕೆ ಮುಗಿದಿದೆ ಎಂದು ನೋಡುವ ಗೋಜಿಗೇ ಹೋಗಿರಲಿಲ್ಲ.

ಗುರುವಾರ ಬೆಳಿಗ್ಗೆ ವ್ಯಾನು ತೆಗೆದುಕೊಂಡು ವಾನಳ್ಳಿಗೆ ಹೋದೆ. ಅಕ್ಕ ಜರಿಯಂಚಿನ ಸೀರೆ ಉಟ್ಟು ಅಂಗಳದಲ್ಲಿ ನಿಂತಿದ್ದಳು. ಭಾವ ಬಿಳಿ ಪಂಚೆ, ಇಸ್ತ್ರಿ ಹಾಕಿದ ಅಂಗಿ, ಕನ್ನಡಕ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ಊಟಕ್ಕೆ ಎಂತ ಮಾಡ್ತ್ರಿ?" ಊಟ ಡಬ್ಬಿಯಲ್ಲಿದೆ ಎಂದೆ. ನಾನು ಎಲ್ಲಿಗೆ ಹೋದರೂ ಡಬ್ಬಿ ಬಿಟ್ಟು ಹೋಗುವವಳಲ್ಲ. ಪೇಟೆಯಲ್ಲಿ ತಂಡದ ಇಬ್ಬರು ಹುಡುಗಿಯರು ಹತ್ತಿಕೊಂಡರು. ಒಟ್ಟು ಐದು ಜನ.

ಚಿತ್ರಮಂದಿರದ ಬಾಗಿಲಲ್ಲಿ ಮ್ಯಾನೇಜರು ಸ್ಟೂಲಿನ ಮೇಲೆ ಕೂತಿದ್ದರು. ಒಳಗೆ ನಾಲ್ಕು ಜನ ಇದ್ದರು. ಅದರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ ಬಂದವರು.

"ಹದಿನೈದು ಮಂದಿ ಆಗ್ಲಿಲ್ಲಂದ್ರ ಆಟ ಹಚ್ಚಂಗಿಲ್ರಿ. ಮಾಲಕ್ರು ಹೇಳ್ಯಾರ."

ನನಗೆ ಸಿಟ್ಟು ಬರಲಿಲ್ಲ. ಇದು ನಮ್ಮದೇ ನಿಯಮ. ಪಂಕ್ತಿ ತುಂಬದೆ ನಾವೂ ಬಡಿಸಲು ಹೊರಡುವುದಿಲ್ಲ. ಎಷ್ಟು ಹೊತ್ತಿನವರೆಗೆ ಕಾಯುತ್ತೀರಿ ಎಂದು ಕೇಳಿದೆ. ಹತ್ತು ನಿಮಿಷ ಎಂದರು. ಅರ್ಧ ಗಂಟೆಗೆ ಎಳೆದೆ. ಆಮೇಲೆ ಸುಲಭದ ದಾರಿ ಹೊಳೆಯಿತು. ಉಳಿದ ಆರು ಟಿಕೆಟನ್ನು ನಾನೇ ತೆಗೆದುಕೊಂಡರೆ ಆಯಿತಲ್ಲ, ಸೀಟು ಖಾಲಿ ಇದ್ದರೆ ನಿಮಗೇನು ಎಂದೆ. ಮ್ಯಾನೇಜರು ಗಲ್ಲ ಕೆರೆದುಕೊಂಡು "ನಡೀತೈತ್ರಿ" ಎಂದರು.

ಆಗ ಅಕ್ಕ ನನ್ನ ಸೆರಗು ಜಗ್ಗಿದಳು. "ಬ್ಯಾಡದೆ ತಂಗಿ. ಜನ ಇಲ್ದಿದ್ದ ಎಲೆಗೆ ಬಡಿಸ್ತ್ವನೆ?"

ಅದನ್ನು ಕೇಳಿ ನಾನು ತೆಗೆದ ಪರ್ಸನ್ನು ಮತ್ತೆ ಚೀಲಕ್ಕೆ ಹಾಕಿದೆ. ಇಪ್ಪತ್ತು ವರ್ಷ ಅವಳ ಕೈ ಕೆಲಸ ಮಾಡಿದ್ದು ತುಂಬಿದ ಪಂಕ್ತಿಗಳ ನಡುವೆ. ಭಾವನಿಗೆ ಅದನ್ನು ಖಾಲಿ ಕುರ್ಚಿಗಳ ನಡುವೆ ತೋರಿಸುವುದು ಅವಳಿಗೆ ಬೇಡವಾಗಿತ್ತು. ತಪ್ಪು ಮಾಡಿದವಳು ನಾನು. ಟಿಕೆಟ್ ಕೊಂಡು ಕೈತೊಳೆದುಕೊಳ್ಳುವಂತಿರಲಿಲ್ಲ.

ಎಲೆ ಖಾಲಿ ಉಳಿದರೆ ನಾವು ಏನು ಮಾಡುತ್ತೇವೆ? ವಾಲಗದವರನ್ನು ಕರೆಯುತ್ತೇವೆ, ಡ್ರೈವರುಗಳನ್ನು ಕರೆಯುತ್ತೇವೆ, ಚಪ್ಪರದವರನ್ನು ಕೈ ಹಿಡಿದು ಕೂರಿಸುತ್ತೇವೆ. ಮಾರ್ಕೆಟ್ಟಿಗೆ ನಡೆದೆ. ನನಗೆ ಬಾಳೆ ಎಲೆ ಕೊಡುವ ಹೆಂಗಸು ಎಂದಿನ ಜಾಗದಲ್ಲಿ ಕಟ್ಟು ಬಿಚ್ಚುತ್ತಿದ್ದಳು.

"ಏಳು, ಸಿನಿಮಾಕ್ಕೆ ಹೋಗೋಣ."

"ಎಂತ ಅಮ್ಮ, ತಲೆ ಸಮ ಇದ್ಯ? ನಾ ಬಂದ್ರೆ ಎಲೆ ಯಾರು ಮಾರೂದು?"

"ಎಲೆ ಪೂರ್ತಿ ನನ್ನದು. ನಾಳೆ ಬೇಕು. ಒದ್ದೆ ಗೋಣಿ ಮುಚ್ಚು, ಏಳು."

"ಹಳೇ ಸೀರೆ ಉಟ್ಕಂಡು ಬಂದಿದೀನಿ!"

"ಕತ್ತಲೇಲಿ ಯಾವ ಸೀರೆ ಕಾಣ್ತದೆ?"

ಅವಳು ನಕ್ಕು ಎದ್ದಳು. ತೆಂಗಿನಕಾಯಿ ಅಂಗಡಿಯ ಇಬ್ಬರು ಹಮಾಲರು ಬೀಡಿ ಸೇದುತ್ತಿದ್ದರು. ಲಾರಿ ಬರುವುದು ಮಧ್ಯಾಹ್ನದ ಮೇಲೆ ಎಂದು ನನಗೆ ಗೊತ್ತಿತ್ತು. ಅವರಿಗೆ ಎರಡನೇ ಮಾತು ಬೇಕಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಲ್ಲಾಪುರದ ಕಡೆಯ ವಯಸ್ಸಾದ ದಂಪತಿ, ಯಾರದೋ ಗೃಹಪ್ರವೇಶ ಮುಗಿಸಿ ವಾಪಸು ಹೊರಟವರು, ತಪ್ಪಿದ ಬಸ್ಸಿನ ವಿಷಯಕ್ಕೆ ಜಗಳವಾಡುತ್ತ ಕೂತಿದ್ದರು. ಅಜ್ಜನಿಗೆ ಸಿನಿಮಾ ಎಂದದ್ದೇ ಕಿವಿ ನೆಟ್ಟಗಾಯಿತು. ಅಜ್ಜಿ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತಕ್ಕೆ ಪುಕ್ಕಟೆ ಕರೀತ್ಯೆ? ಆಮೇಲೆ ಕುಕ್ಕರ್ ಮಾರ್ತ್ಯ?" ಎಂದು ಕೇಳಿದಳು. ಆ ಅಜ್ಜಿ ನನಗೆ ಆ ಕ್ಷಣವೇ ಇಷ್ಟವಾದಳು. ಯಾರು ಪುಕ್ಕಟೆ ಕರೆದರೂ ಹಾಗೆಯೇ ಕೇಳಬೇಕು. ಒಂದು ಊಟದ ದೃಶ್ಯವಿದೆ, ನೋಡಲು ಜನ ಬೇಕು ಎಂದಷ್ಟೇ ಹೇಳಿದೆ.

ವಾಪಸು ಬಂದಾಗ ಹದಿನಾಲ್ಕು ಆಗಿತ್ತು. ಮ್ಯಾನೇಜರು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ನನ್ನ ಬೆವರಿದ ಮುಖ ನೋಡಿ ಸ್ಟೂಲಿನಿಂದ ಎದ್ದರು.

"ಹದಿನೈದನೇದು ನಾನ ಕುಂದರ್ತೀನಿ ಬಿಡ್ರಿ. ಈ ಸಿನಿಮಾ ನಾನೂ ನೋಡಿಲ್ಲ."

ಹದಿನೈದು ಜನ ಎಂದರೆ ಆ ದೊಡ್ಡ ಸಭಾಂಗಣಕ್ಕೆ ಏನೂ ಅಲ್ಲ. ಮೊದಲು ಎಲ್ಲರೂ ದೂರ ದೂರ ಕೂತರು, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ ಎನ್ನುವ ಹಾಗೆ. ದೀಪ ಆರಿತು. ಸ್ವಲ್ಪ ಹೊತ್ತಿಗೆ ಒಂದು ತಮಾಷೆಗೆ ಹಮಾಲರಲ್ಲಿ ಒಬ್ಬ ಗಹಗಹಿಸಿ ನಕ್ಕ. ಅವನ ನಗು ಕೇಳಿ ಎಲೆಯವಳು ನಕ್ಕಳು. ಅವಳ ನಗು ಕೇಳಿ ಅಜ್ಜ. ಆಮೇಲೆ ತಮಾಷೆ ಇಲ್ಲದ ಕಡೆಯೂ ಎಲ್ಲರೂ ಒಟ್ಟಿಗೆ ನಗತೊಡಗಿದರು. ಅಜ್ಜಿ ಎದ್ದು ಬಂದು ಎಲೆಯವಳ ಪಕ್ಕ ಕೂತಳು. ಅಳುವ ಕಡೆ ಇಬ್ಬರೂ ಒಂದೇ ಟವೆಲಿನಲ್ಲಿ ಮೂಗು ಒರೆಸಿಕೊಂಡರು.

ಇದನ್ನು ನಾನು ಪಂಕ್ತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮನೆಯಲ್ಲಿ ಒಬ್ಬರೇ ಕೂತು ಉಣ್ಣುವ ಅನ್ನವೂ ಪಂಕ್ತಿಯಲ್ಲಿ ಉಣ್ಣುವ ಅನ್ನವೂ ಒಂದೇ ಅಕ್ಕಿಯದು. ಆದರೆ ಪಕ್ಕದವನು ಸೊರ್ರೆಂದು ಸಾರು ಹೀರಿದರೆ ನಮಗೂ ಹಸಿವು ಹೆಚ್ಚುತ್ತದೆ. ನಾನು ಮೊಬೈಲಿನಲ್ಲಿ ರಾಶಿ ಸಿನಿಮಾ ನೋಡಿದ್ದೇನೆ, ಕೊತ್ತಂಬರಿ ಸೊಪ್ಪು ಬಿಡಿಸುತ್ತ, ಲೆಕ್ಕ ಬರೆಯುತ್ತ, ಬೇಸರವಾದಲ್ಲಿ ಮುಂದೆ ಓಡಿಸುತ್ತ. ಒಂದೂ ನೆನಪಿಲ್ಲ. ಚಿಕ್ಕಮ್ಮನ ಜೊತೆ ನೋಡಿದ ಸಿನಿಮಾಗಳಲ್ಲಿ ಪಕ್ಕದ ಸೀಟಿನವರು ತಿನ್ನುತ್ತಿದ್ದ ಕಡಲೆಯ ವಾಸನೆ ಸಹ ನೆನಪಿದೆ. ಇದು ಯಾಕೆ ಹೀಗೆ ಎಂದು ಆ ಕತ್ತಲಲ್ಲಿ ಕೂತು ಯೋಚಿಸಿದೆ. ನೂರು ಜನ ಒಂದೇ ಕಡೆ ನೋಡುವಾಗ ನಾವು ನೋಡುವುದಕ್ಕೂ ಒಂದು ಸಾಕ್ಷಿ ಇರುತ್ತದೆ. ಅಂದು ನೂರಿರಲಿಲ್ಲ, ಹದಿನೈದು. ಸಾಕಾಯಿತು.

ನಾನು ಬೇಕೆಂದೇ ಸಾಲಿನ ತುದಿಗೆ ಕೂತಿದ್ದೆ, ಭಾವನ ಮುಖ ಕಾಣಲಿ ಎಂದು. ಅವರ ಪಕ್ಕ ಅಕ್ಕ, ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು. ಮದುವೆ ಮನೆಯ ಚಪ್ಪರ ತೆರೆಯ ಮೇಲೆ ಬಂತು. ಆಚೆ ಕೂತಿದ್ದ ಹುಡುಗಿ ತಡೆಯಲಾರದೆ "ಅಕ್ಕ, ಬಂತು" ಎಂದಳು. ಅಕ್ಕ ಅವಳ ತೊಡೆ ಚಿವುಟಿದ್ದು ನನಗೆ ಕಂಡಿತು. ಪಂಕ್ತಿ ಕೂತಿತು, ಎಲೆಗಳ ಮೇಲೆ ಹಬೆಯಾಡುವ ಅನ್ನ ಬಿತ್ತು. ಗಂಟೆ ಹನ್ನೆರಡೂವರೆ ಆಗಿರಬೇಕು, ಎಲ್ಲರ ಹೊಟ್ಟೆಯೂ ಖಾಲಿ. ಯಲ್ಲಾಪುರದ ಅಜ್ಜ ಕತ್ತಲೊಳಗಿಂದ ಕೂಗಿದ: "ಇತ್ಲಾಗೂ ಒಂದು ಸಟ್ಟುಗ ಬರ್ಲಿ!"

ಇಡೀ ಚಿತ್ರಮಂದಿರ ನಕ್ಕಿತು. ಮ್ಯಾನೇಜರೂ ನಕ್ಕರು. ಭಾವನ ತುಟಿಯೂ ಒಂದು ಬದಿಗೆ ಎದ್ದಿತು. ಆಮೇಲೆ ಅವರು ಮಾಡಿದ ಕೆಲಸ ನೋಡಿ. ಕನ್ನಡಕ ತೆಗೆದರು, ಪಂಚೆಯ ಅಂಚಿನಿಂದ ಒರೆಸತೊಡಗಿದರು. ಹಾಕಿಕೊಳ್ಳಿ ಭಾವ, ಹಾಕಿಕೊಳ್ಳಿ ಎಂದು ನಾನು ಮನಸ್ಸಿನಲ್ಲೇ ಬೈಯುತ್ತ ಅವರನ್ನೇ ನೋಡುತ್ತಿದ್ದೆ. ಸಭಾಂಗಣ ಒಮ್ಮೆಲೇ ಮೌನವಾಯಿತು. ನಗುತ್ತಿದ್ದ ಅಜ್ಜನೂ ಸುಮ್ಮನಾದ. ಎಲೆಯವಳ ಬಾಯಿಂದ "ಅಯ್ಯ" ಎಂಬ ಸಣ್ಣ ಉದ್ಗಾರ ಬಂತು. ಭಾವ ಕನ್ನಡಕ ಏರಿಸಿದರು. ನಾನು ತೆರೆಯತ್ತ ತಿರುಗಿದೆ. ಅಲ್ಲಿ ನಾಯಕಿ ಹಿತ್ತಿಲ ಬಾವಿಕಟ್ಟೆಯ ಹತ್ತಿರ ನಿಂತು ಅಳುತ್ತಿದ್ದಳು.

ಇಷ್ಟೆಲ್ಲ ಮಾಡಿ, ಜನ ಕೂಡಿಸಿ, ನಾನು ಅದನ್ನು ನೋಡಲಿಲ್ಲ. ಭಾವನ ಮುಖದಲ್ಲಿ ಏನೂ ಇರಲಿಲ್ಲ. ಅಕ್ಕ ನೆಟ್ಟಗೆ ಮುಂದೆ ನೋಡುತ್ತಿದ್ದಳು.

ಮಧ್ಯಂತರಕ್ಕೆ ದೀಪ ಹತ್ತಿತು. ನಾನು ಎದ್ದು ಸೀದಾ ಮ್ಯಾನೇಜರ ಹತ್ತಿರ ಹೋಗಿ ಚೌಕಾಸಿಗೆ ಇಳಿದೆ. ಆ ಊಟದ ದೃಶ್ಯವನ್ನು ಇನ್ನೊಮ್ಮೆ ಹಾಕಿ. ಎರಡೇ ನಿಮಿಷ. ಯಾರಿಗೂ ಬೇಸರವಾಗದು, ಬೇಕಾದರೆ ಒಬ್ಬೊಬ್ಬರನ್ನೂ ಕೇಳಿ ಬರುತ್ತೇನೆ.

"ಅದು ಆಗಂಗಿಲ್ರಿ ಅಕ್ಕಾರ. ಇದು ಮದುವಿ ಊಟ ಏನ್ರೀ, ಎರಡನೇ ಪಂಕ್ತಿ ಹಾಕಾಕ? ಸಿನಿಮಾ ಪೆಟಗಿ ಒಮ್ಮೆ ಚಾಲೂ ಆತಂದ್ರ ಆತು, ಹಿಂದ ಹೋಗಂಗಿಲ್ಲ."

ನನ್ನ ಹಿಂದೆಯೇ ಬಂದಿದ್ದ ಅಕ್ಕ ನನ್ನ ಭುಜದ ಮೇಲೆ ಕೈಯಿಟ್ಟಳು. "ಬಿಡೆ ತಂಗಿ. ಕರೆಂಟು ಹೋಯ್ದಿಲ್ಲೆ. ಇನ್ನರ್ಧನೂ ನೋಡನ ಬಾ."

ಹಾಗೆ ಉಳಿದರ್ಧವನ್ನೂ ನೋಡಿದೆವು. ಮುಗಿದಾಗ ಯಲ್ಲಾಪುರದ ಅಜ್ಜ ಅಜ್ಜಿ ಬಸ್ಸಿಗೆ ಓಡಿದರು. ಎಲೆಯವಳು ಕಣ್ಣು ಕೆಂಪು ಮಾಡಿಕೊಂಡು, "ಆ ಹುಡುಗಿ ತುಪ್ಪ ಹಾಕೂ ಕೈ ಮರೆಯೂಕೆ ಆಗೂದಿಲ್ಲ ಅಮ್ಮ" ಎಂದು ಹೇಳಿ ಹೋದಳು. ಭಾವ ಅದನ್ನು ಕೇಳಿದರು, ಆಕಳಿಸಿದರು, ಕೈ ತೊಳೆಯುವ ನಲ್ಲಿ ಎಲ್ಲಿದೆ ಎಂದು ಕೇಳಿದರು.

ಜಗುಲಿಯ ಮೇಲೆ ಕೂತು ಉಣ್ಣಲು ಮ್ಯಾನೇಜರು ಒಪ್ಪಿದರು. ಅವರನ್ನೂ ಕೂರಿಸಿದೆ. ಎಲೆಯವಳ ಕಟ್ಟಿನಿಂದ ತಂದ ನಾಲ್ಕೈದು ತುಂಡೆಲೆ ಹಾಸಿ ಡಬ್ಬಿ ಬಿಚ್ಚಿದೆವು. ಅಕ್ಕ ಎಂದಿನಂತೆ ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಂತಳು. ಅನ್ನ, ತೊವ್ವೆ, ಮೇಲೆ ತುಪ್ಪ. ಮ್ಯಾನೇಜರಿಗೆ ಹಾಕಿದಳು, ಭಾವನಿಗೆ ಹಾಕಿದಳು, ನನ್ನ ಎಲೆಯತ್ತ ಅರ್ಧ ಹೆಜ್ಜೆ ಇಟ್ಟಳು. ಮಣಿಕಟ್ಟು ಹಿಂದಕ್ಕೆ ತಿರುಗಿತು. ಭಾವ ತಲೆ ಎತ್ತದೆ, ಅನ್ನ ಕಲಸುತ್ತಲೇ ಕೇಳಿದರು:

"ಅಲ್ಲಿ ಎರಡ್ನೇದು ಹಾಕಲೆ ಹೋಗಿ ಕೈ ತಡ್ಕಂಡ್ಯಲೆ. ಎಂತಕ್ಕೆ? ಬ್ಯಾಡ ಅಂದ್ರ?"

ಅಕ್ಕನ ಕೈ ಅಲ್ಲೇ ನಿಂತಿತು, ಅವರ ಎಲೆಯ ಮೇಲೆ. ಅಭ್ಯಾಸದಿಂದ ಮುಂದೆ ಹೋದ ಕೈ ನಿರ್ದೇಶಕರ ಮಾತು ನೆನಪಾಗಿ ಗಕ್ಕನೆ ನಿಂತ ಆ ತಪ್ಪು ಸಲವನ್ನೇ ಸಿನಿಮಾದವರು ಇಟ್ಟುಕೊಂಡಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಆಗ. ಎಲ್ಲರೂ ಮೌನವಾದದ್ದು ಅದಕ್ಕೆ, ಎಲೆಯವಳು ಅಯ್ಯ ಎಂದದ್ದೂ ಅದಕ್ಕೇ. ನೋಡಿದವರಿಗೆಲ್ಲ ಅದು ನಾಯಕಿಯ ಸಂಕಟ. ಕನ್ನಡಕವಿಲ್ಲದೆಯೂ ಕೈಯ ತಿರುವು ಗುರುತಿಸಿದ ಭಾವನಿಗೊಬ್ಬರಿಗೆ ಅದು ಕಡಿಮೆ ಬಿದ್ದ ಒಂದು ಮಿಳ್ಳೆ ತುಪ್ಪ.

"ಹೌದು, ಒಂದೇ ಸಾಕು ಅಂದ್ರು," ಎಂದಳು ಅಕ್ಕ.

"ಅವಕ್ಕೆ ಗೊತ್ತಿಲ್ಲೆ," ಎಂದರು ಭಾವ.

ಅಕ್ಕ ಎರಡನೇ ಮಿಳ್ಳೆ ಇಳಿಸಿದಳು. ಭಾವ ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಅವಳು ನನ್ನ ಎಲೆಯ ಮುಂದೆ ಬಂದು ನಿಂತಳು. ಏನಾದರೂ ಹೇಳುತ್ತಾಳೇನೋ ಎಂದು ಮುಖ ನೋಡಿದೆ. ಅವಳು ನನಗೂ ಎರಡು ಸಲ ಹಾಕಿ ಮುಂದೆ ಹೋದಳು.